ಕೇಳಿ ಮುಟ್ಟು

ಮೂವತ್ತೇಳು ಪ್ರಶ್ನೆಗಳಿಗೆ ಉತ್ತರ ತಾಳೆಯಾಗಲಿಲ್ಲ. ಹಾಲೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡ. ಮತ್ತೆ ಹಾಕಿಕೊಂಡು ನೋಡಿದರೂ ಮೂವತ್ತೇಳೇ.

ಆಚೆ ಮೂಲೆಯ ಮೇಜಿನಲ್ಲಿ ಅನ್ನಪೂರ್ಣಮ್ಮ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬರೆದುಕೊಳ್ಳುತ್ತಿದ್ದರು. "ಹೇಳ್ರಿ. ಓ ಪಾಸಿಟಿವ್ವಾ? ಎಷ್ಟು ಬಾಟ್ಲಿ? ಹೊಸದುರ್ಗದಾಗೆ ಯಾವ ಆಸ್ಪತ್ರೆ? ಗಾಬ್ರಿ ಆಗಬ್ಯಾಡ್ರಿ, ಫೋನ್ ಇಡಬ್ಯಾಡ್ರಿ, ನೋಡಿ ಹೇಳ್ತೀನಿ."

ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ರಕ್ತದಾನಿಗಳ ಸಂಘದ ಕಚೇರಿ. ಅಲ್ಲಿ ರಕ್ತ ಇಡುತ್ತಿರಲಿಲ್ಲ, ಇದ್ದದ್ದು ಹೆಸರುಗಳು ಮಾತ್ರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ನಾಲ್ಕು ಸಾವಿರ ಚಿಲ್ಲರೆ ಜನರ ಹೆಸರು, ರಕ್ತದ ಗುಂಪು, ಊರು, ಫೋನ್ ನಂಬರು, ಹಿಂದಿನ ಸಲ ರಕ್ತ ಕೊಟ್ಟ ದಿನ. ಯಾವುದೋ ಆಸ್ಪತ್ರೆಯಿಂದ ಯಾರದೋ ಮಗ, ಯಾರದೋ ಗಂಡ ಫೋನು ಮಾಡುತ್ತಾನೆ. ಅನ್ನಪೂರ್ಣಮ್ಮ ಗುಂಪನ್ನೂ ಊರನ್ನೂ ಕಂಪ್ಯೂಟರಿನಲ್ಲಿ ಒತ್ತುತ್ತಾರೆ. ಹತ್ತಿರದಲ್ಲಿರುವ, ಕೊಟ್ಟು ಮೂರು ತಿಂಗಳು ದಾಟಿರುವ ದಾನಿಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ.

ಆ ಪಟ್ಟಿಯ ವೆಬ್‌ಸೈಟನ್ನು ಹನ್ನೊಂದು ವರ್ಷದ ಹಿಂದೆ ಹಾಲೇಶ್ ಮತ್ತು ಅವನ ಗೆಳೆಯ ಜುಂಜೇಶ್ ಸೇರಿ ಮಾಡಿದ್ದರು. ಪೂರ್ತಿ ಬುನಾದಿಯಿಂದ ಕಟ್ಟಿದ್ದಲ್ಲ. ಮನೆ ಕಟ್ಟುವವರು ಕಂಬ, ತೊಲೆಗಳನ್ನು ಸಿದ್ಧವಾಗಿ ತಂದು ನಿಲ್ಲಿಸಿಕೊಂಡ ಹಾಗೆ, ಎಲ್ಲೋ ದೂರದ ಜನ ಮಾಡಿ ಎಲ್ಲರಿಗೂ ಹಂಚುವ ಒಂದು ಫ್ರೇಮ್‌ವರ್ಕನ್ನು ತಂದು ಅದರ ಮೇಲೆ ನಿಲ್ಲಿಸಿದ್ದು. ಆ ಜನ ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತಿದ್ದರು. ಹೊಸದರಲ್ಲಿ ಕಂಬದ ಅಳತೆಯೇ ಬೇರೆ, ತೊಲೆ ಕೂರುವ ಜಾಗವೇ ಬೇರೆ. ಹಳೆಯದನ್ನು ಇನ್ನು ನಾವು ನೋಡಿಕೊಳ್ಳುವುದಿಲ್ಲ ಎಂದು ದಿನ ಗೊತ್ತುಮಾಡಿ ಹೇಳಿಬಿಡುತ್ತಿದ್ದರು. ಈ ಸಲದ ದಿನ ತಿಂಗಳ ಮೂವತ್ತೊಂದು. ಅದಾದ ಮೇಲೆ ಹಳೆಯದನ್ನು ಓಡಿಸುವುದಿಲ್ಲವೆಂದು, ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಟ್ಟಿದ್ದ ಸರ್ವರಿನವರೂ ಪತ್ರ ಕಳಿಸಿದ್ದರು.

ಹಾಲೇಶನಿಗೆ ನಲವತ್ತಾರು ವರ್ಷ. ಭರಮಸಾಗರದಲ್ಲಿ ಮನೆ, ಚಿತ್ರದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಬೆಳಗ್ಗೆ ಪಾಠ ಮುಗಿಸಿ ಮಧ್ಯಾಹ್ನ ಇಲ್ಲಿಗೆ ಬರುತ್ತಿದ್ದ. ಇದೊಂದು ಕೆಲಸ ಅವನನ್ನು ದಣಿಸಿದಷ್ಟು ಬೇರೇನೂ ದಣಿಸಿರಲಿಲ್ಲ. ತಿಂಗಳುಗಟ್ಟಲೆ ತಲೆ ಹಾಕಿ ಮಾಡಿದರೂ ಕೊನೆಗೆ ಪರದೆಯ ಮೇಲೆ ನಿನ್ನೆ ಕಂಡದ್ದೇ ಇವತ್ತೂ ಕಾಣಬೇಕು. ಹಾಗೆ ಕಂಡರೆ ಮಾತ್ರ ಕೆಲಸ ಸರಿಯಾಗಿದೆ ಎಂದರ್ಥ.

ಹೋದ ಸಲದ ಹಾಗೆ ಒಂದೇ ಏಟಿಗೆ ಬದಲಾಯಿಸಬಾರದು ಎಂದು ಈ ಸಲ ಮೊದಲೇ ನಿಶ್ಚಯಿಸಿಕೊಂಡಿದ್ದ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿ, ಹಿಂದೆಲ್ಲ ಬಂದ ಸಾವಿರಾರು ವಿಚಾರಣೆಗಳನ್ನು ಎರಡಕ್ಕೂ ಕೇಳುವುದು. ಉತ್ತರ ಒಂದೇ ಆದರೆ ಸರಿ, ಬೇರೆಯಾದರೆ ಯಾಕೆಂದು ನೋಡಿ ತಿದ್ದುವುದು. ಹಾಗೆ ತಿದ್ದಿ ತಿದ್ದಿ ನಾನೂರು ವ್ಯತ್ಯಾಸಗಳನ್ನು ಮೂವತ್ತೇಳಕ್ಕೆ ಇಳಿಸಿದ್ದ. ಉಳಿದವೆಲ್ಲ ಬಂದು ನಿಲ್ಲುತ್ತಿದ್ದದ್ದು ಪ್ರೋಗ್ರಾಮಿನ ಹದಿನೆಂಟು ಸಾಲಿನ ಒಂದೇ ಜಾಗದಲ್ಲಿ. ಅದರ ತಲೆಯ ಮೇಲೆ ಒಂದು ಟಿಪ್ಪಣಿ ಇತ್ತು. 'ಮುಟ್ಟಬ್ಯಾಡ. ಕೇಳಿ ಮುಟ್ಟು. ಜುಂ.'

ಆ ಸಾಲುಗಳು ಏನು ಮಾಡುತ್ತವೆಂದು ಓದಿದರೆ ತಿಳಿಯುತ್ತಿತ್ತು. ಹಿಂದಿನ ಸಲ ರಕ್ತ ಕೊಟ್ಟ ದಿನ ೧೯೦೦ನೇ ಇಸವಿ ಜನವರಿ ಒಂದು ಎಂದಿರುವ ಹಿರಿಯೂರಿನವರನ್ನು ಹುಡುಕಿ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೊಳಲ್ಕೆರೆಯವರೆಂದು ತೋರಿಸುತ್ತಿದ್ದವು. ಯಾಕೆ ಎಂಬುದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಆರು ವರ್ಷದ ಹಿಂದಿನ ಬದಲಾವಣೆಯಲ್ಲಿ ಹಾಲೇಶ್ ಕೇಳದೆ ಮುಟ್ಟಿದ್ದ. ಅರ್ಥವಿಲ್ಲದ ಹಳೇ ಕಸ ಎಂದುಕೊಂಡು ಹದಿನೆಂಟು ಸಾಲನ್ನೂ ಅಳಿಸಿ, ಭಾನುವಾರ ಒಂದೇ ದಿನದಲ್ಲಿ ಹೊಸ ಆವೃತ್ತಿಗೆ ದಾಟಿಸಿದ್ದ. ಮಂಗಳವಾರ ಜುಂಜೇಶನ ತಂಗಿ ದೀಪಾ ಹೊಸದುರ್ಗದ ಆಸ್ಪತ್ರೆಯಲ್ಲಿ ಹೆತ್ತಳು. ರಕ್ತ ನಿಲ್ಲಲಿಲ್ಲ. ಬಿ ನೆಗೆಟಿವ್ ಬೇಕಾಗಿತ್ತು. ಪಟ್ಟಿ ಯಾರೂ ಇಲ್ಲ ಎಂದಿತು. ನಾಲ್ಕು ತಾಸು ಕಳೆದು ದಾವಣಗೆರೆಯಿಂದ ರಕ್ತ ಬಂತು. ದೀಪಾ ಉಳಿದಳು.

ಮಾರನೆಯ ದಿನ ಆಸ್ಪತ್ರೆಯ ಜಗಲಿಯ ಮೇಲೆ ಹಾಲೇಶ್ ಗೆಳೆಯನಿಗೆ ತಾನು ಅಳಿಸಿದ್ದನ್ನು ಹೇಳಿದ. ಅಷ್ಟಕ್ಕೇ ಸುಮ್ಮನಿರಬಹುದಾಗಿತ್ತು. "ಆಯ್ತಲ್ಲ ಬಿಡೋ, ತಾಯಿ ಮಗು ಇಬ್ರೂ ಚೆನ್ನಾಗವ್ರೆ, ಏನೂ ಆಗ್ಲಿಲ್ವಲ್ಲ" ಎಂದೂ ಅಂದ. ಜುಂಜೇಶ್ ಅವನ ಮುಖವನ್ನೊಮ್ಮೆ ನೋಡಿ ಎದ್ದು ಒಳಗೆ ಹೋದ. ಮತ್ತೆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಸಂಘದವರಿಗೆ ಹಾಲೇಶ್ ಸರ್ವರ್ ಕೆಟ್ಟಿತ್ತು ಎಂದು ಹೇಳಿದ. ಹದಿನೆಂಟು ಸಾಲನ್ನು ಹೇಗಿತ್ತೋ ಹಾಗೆಯೇ ಮತ್ತೆ ಅಂಟಿಸಿದ. ಈಗಿನ ಹೊಸ ಆವೃತ್ತಿಗೆ ಅದು ಹಾಗೆಯೇ ಅಂಟಿಕೊಳ್ಳಲೊಲ್ಲದು.

ಎರಡನೇ ಶನಿವಾರ ಕಾಲೇಜಿಗೆ ರಜೆ. ಆ ಸಾಲುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಹಾಲೇಶ್ ಹಿರಿಯೂರಿನ ಬಸ್ಸು ಹತ್ತಿದ. ಅಲ್ಲಿಂದ ಹುಳಿಯಾರು ಕಡೆಯ ಖಾಸಗಿ ಬಸ್ಸಿನಲ್ಲಿ ನಿಂತುಕೊಂಡೇ ಯಲ್ಲದಕೆರೆಗೆ ಹೋದ. ಫೋನು ಮಾಡಿ ಹೇಳಿರಲಿಲ್ಲ. ಮಾಡಿದ್ದರೆ ಬರಬೇಡ ಅಂದುಬಿಡುತ್ತಿದ್ದನೇನೋ.

ಜುಂಜೇಶನ ಅಂಗಡಿ ರಸ್ತೆಯ ಬದಿಯಲ್ಲೇ ಇತ್ತು. ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರುಗಳು ಬಾಗಿಲ ತನಕ ಸಾಲಾಗಿ ಬಿದ್ದಿದ್ದವು, ಸುಟ್ಟ ವಾರ್ನಿಷಿನ ವಾಸನೆ ರಸ್ತೆಗೇ ಬರುತ್ತಿತ್ತು. ಜುಂಜೇಶ್ ನೆಲದ ಮೇಲೆ ಕುಳಿತು ಸುತ್ತು ಎಣಿಸುತ್ತ ಮೋಟಾರಿನ ಹೊಟ್ಟೆಯೊಳಗೆ ತಂತಿ ಸುತ್ತುತ್ತಿದ್ದ. ತಲೆಯೆತ್ತಿ ಹಾಲೇಶನನ್ನು ನೋಡಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು. "ನಲವತ್ತೊಂದು... ನಲವತ್ತೆರಡು..."

ಹಾಲೇಶ್ ಬಾಗಿಲಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ಕಾದ. ಐವತ್ತೆಂಟಕ್ಕೆ ಎಣಿಕೆ ಮುಗಿಯಿತು. ಜುಂಜೇಶ್ ತಂತಿಯ ತುದಿಗೆ ದಾರ ಕಟ್ಟಿದ.

"ಎಷ್ಟೊತ್ತಾಯ್ತು ಬಂದು?"

"ಈಗ ಬಂದೆ. ನೀನು ಎಣಿಸ್ತಿದ್ದೆ."

"ನಡುವೆ ತಪ್ಪಿದ್ರೆ ಎಲ್ಲಾ ಬಿಚ್ಚಬೇಕು." ಜುಂಜೇಶ್ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು. ಹಾಲೇಶನ ಕೈಯಲ್ಲಿದ್ದ ಕಾಗದ ನೋಡಿದ, ತೆಗೆದುಕೊಳ್ಳಲಿಲ್ಲ. "ಮತ್ತೆ ಹೊಸಾದು ಬಂತಾ?"

"ಬಂತು. ಮೂವತ್ತೊಂದಕ್ಕೆ ಹಳೇದು ನಿಲ್ತೈತೆ."

"ಹೋದ್ಸಾರಿ ನೀನು ಕೇಳ್ಲಿಲ್ಲ."

"ಕೇಳ್ಲಿಲ್ಲ. ಅದಕ್ಕೇ ಈ ಸಾರಿ ಬಂದೆ."

ಜುಂಜೇಶ್ ಬೆರಳುಗಳನ್ನು ಮತ್ತೊಮ್ಮೆ ಬಟ್ಟೆಗೆ ಒರೆಸಿದ. ಆಮೇಲೆ ಕಾಗದ ಇಸಿದುಕೊಂಡ. ಓದುವಾಗ ಮುಖದಲ್ಲಿ ಒಂದು ನಗುವಿನಂಥದ್ದು ಬಂದು ಹೋಯಿತು. "ಎಂಥಾ ಕೆಟ್ಟದಾಗಿ ಬರ್ದೀನಲ್ಲ ಮಾರಾಯ."

"ಅದು ಯಾಕೆ ಹಂಗೆ ಐತೆ, ಅದನ್ನ ಹೇಳು."

"ಇವ್ರೆಲ್ಲ ನಮ್ಮ ಹಟ್ಟಿಗಳೋರು, ಕುರಿ ಕಾಯೋರು. ಬೈಕಿನಾಗೆ ಹಟ್ಟಿ ಹಟ್ಟಿ ತಿರುಗಿ ಹೆಸರು ಬರ್ಕಂಡಿದ್ನಲ್ಲ ನಾನು? ರಕ್ತ ಯಾವತ್ತು ಕೊಟ್ಟಿದ್ದೆ ಅಂತ ಕೇಳಿದ್ರೆ ಮುಂಗಾರಿಗೆ ಮುಂಚೆ ಅಂತಾರೆ, ಗೌರಿ ಹಬ್ಬದ ಹೊತ್ತಿಗೆ ಅಂತಾರೆ. ತಾರೀಕು ಹಾಕದೆ ಕಂಪ್ಯೂಟ್ರು ಮುಂದಕ್ಕೆ ಬಿಡ್ತಿರಲಿಲ್ಲ. ಅದಕ್ಕೆ ಸಾವಿರದ ಒಂಬೈನೂರು ಅಂತ ಹಾಕ್ದೆ. ಗೊತ್ತಿಲ್ಲ, ಫೋನ್ ಮಾಡಿ ಕೇಳಿ ಅಂತ ಅರ್ಥ."

"ಹೊಳಲ್ಕೆರೆ ಯಾಕೆ?"

"ಇಲ್ಲಿ ಮೇವು ಮುಗೀತಿದ್ದಂಗೆ ಕುರಿ ಹೊಡ್ಕಂಡು ಆ ಕಡೆ ಹೋಗ್ತಿದ್ರು. ಹೊಲಗಳಾಗೆ ಕುರಿ ನಿಲ್ಲಿಸ್ಕಂಡು ಏಪ್ರಿಲ್ ತನಕ ಅಲ್ಲೇ ಇರೋರು. ಹಿರಿಯೂರು ಅಂತ ತೋರ್ಸಿದ್ರೆ ಏನು ಪ್ರಯೋಜನ? ಮನುಷ್ಯ ಅಲ್ಲಿರ್ತಾನೆ."

ಹಾಲೇಶ್ ತಿಂಗಳು ಲೆಕ್ಕ ಹಾಕಿದ. ದೀಪಾ ಹೆತ್ತದ್ದು ಮಾಘ ಮಾಸದಲ್ಲಿ, ಅವರೆಲ್ಲ ಹೊಳಲ್ಕೆರೆ ಕಡೆ ಇರುವ ಕಾಲದಲ್ಲಿ. ಕೆಲವು ಹೆಸರುಗಳು ತಪ್ಪಿಹೋದವೆಂದಷ್ಟೇ ಇಷ್ಟು ದಿನ ಅವನಿಗೆ ಗೊತ್ತಿದ್ದದ್ದು. "ಆವತ್ತು ಬಿ ನೆಗೆಟಿವ್ ಎಷ್ಟು ಜನ ಇದ್ರು, ಹೊಳಲ್ಕೆರೇಲಿ?"

"ನಾಲ್ಕು ಜನ," ಎಂದ ಜುಂಜೇಶ್. ತಡಮಾಡದೆ ಬಂದ ಉತ್ತರ, ಎಷ್ಟೋ ಸಲ ತನ್ನೊಳಗೇ ಹೇಳಿಕೊಂಡು ಸವೆದಿತ್ತು. "ಹೊಸದುರ್ಗಕ್ಕೆ ಅಲ್ಲಿಂದ ಒಂದು ತಾಸಿನ ದಾರಿ."

ಪಕ್ಕದ ಅಂಗಡಿಯಲ್ಲಿ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಹೆಂಗಸೊಬ್ಬಳು ಎರಡು ಲೋಟ ಚಹಾ ಹಿಡಿದು ಬಂದಳು. ಆಸ್ಪತ್ರೆಯ ಹಾಸಿಗೆಯ ಮೇಲೆ ನೋಡಿದ್ದ ಆ ಬಿಳಿಚಿದ ಮುಖ ಇದೇ ಎಂದು ಹಾಲೇಶನಿಗೆ ಥಟ್ಟನೆ ಗುರುತಾಗಲಿಲ್ಲ.

"ಹಾಲೇಶಣ್ಣ ಅಲ್ವಾ? ಒಳಗೆ ಬಂದು ಕುಂತ್ಕಳ್ರಿ, ಬಿಸಿಲಿಗೆ ಯಾಕೆ ಕುಂತೀರಿ?" ದೀಪಾ ಲೋಟ ಕೊಟ್ಟಳು. "ನಮ್ಮಣ್ಣ ಕರ್ಕಂಡು ಬರ್ತಾನೆ, ಬರ್ತಾನೆ ಅಂತ ಕಾದಿದ್ದೇ ಆಯ್ತು. ನಮ್ಮ ಕಾವ್ಯಂಗೆ ಈಗ ಆರು ವರ್ಷ, ಒಂದನೇ ಕ್ಲಾಸು. ಮನೇಲಿ ಮಲಗೈತೆ. ಎದ್ದ ಮೇಲೆ ಕರೀತೀನಿ, ಕೈ ಮುಗಿಸ್ಬೇಕು ನಿಮಗೆ. ನಿಮ್ಮ ಪಟ್ಟಿ ಇರದಿದ್ರೆ ದಾವಣಗೆರೆಯಿಂದ ರಕ್ತ ಎಲ್ಲಿ ಬರ್ತಿತ್ತು? ಅದು ತಾಯಿಲ್ಲದ ಕೂಸಾಗ್ತಿತ್ತು."

ಹಾಲೇಶ್ ಜುಂಜೇಶನ ಕಡೆ ನೋಡಿದ. ಜುಂಜೇಶ್ ತಂತಿಯ ಉಂಡೆಯನ್ನು ನೋಡುತ್ತಿದ್ದ. ಇವನು ಹೇಳಿಯೇ ಇಲ್ಲ. ಆರು ವರ್ಷ ಮಾತು ಬಿಟ್ಟವನು ತಂಗಿಗೆ ಒಂದು ಮಾತೂ ಹೇಳಿಲ್ಲ.

ಚಹಾ ಕುಡಿದು, ಮಗುವಿನ ತಲೆ ಸವರಿ, ಬಸ್ಸು ಹತ್ತಿಬಿಡಬಹುದಾಗಿತ್ತು. ಆ ದಾರಿ ಅವನಿಗೆ ಸ್ಪಷ್ಟವಾಗಿಯೇ ಕಂಡಿತು. ಅದನ್ನು ಹಿಡಿಯಲು ಬೇಕಾದ ತ್ರಾಣ ಮಾತ್ರ ಉಳಿದಿರಲಿಲ್ಲ.

"ದಾವಣಗೆರೆ ರಕ್ತ ನಮ್ಮ ಪಟ್ಟಿಯಿಂದ ಬಂದಿದ್ದಲ್ಲಮ್ಮ," ಎಂದ. "ಆಸ್ಪತ್ರೆಯೋರೇ ತರ್ಸಿದ್ದು. ನಮ್ಮ ಪಟ್ಟಿ ಯಾರೂ ಇಲ್ಲ ಅಂತ ಹೇಳ್ತು. ಇದ್ರು. ನಿಮ್ಮ ಹಟ್ಟಿಯೋರೇ ನಾಲ್ಕು ಜನ, ಹೊಳಲ್ಕೆರೇಲಿ. ಅವ್ರ ಹೆಸರು ಬರೋ ಸಾಲನ್ನ ನಾನು ಅಳಿಸಿಬಿಟ್ಟಿದ್ದೆ."

ದೀಪಾ ಕೊರಳಿನ ಟೇಪಿನ ಎರಡು ತುದಿ ಹಿಡಿದುಕೊಂಡು ನಿಂತಳು. "ಬೇಕಂತ ಅಳಿಸಿದ್ರಾ?"

"ಇಲ್ಲ. ಕಸ ಅನ್ಕಂಡೆ."

"ಗೊತ್ತಾದ ಮೇಲೆ ಯಾಕೆ ಹೇಳ್ಲಿಲ್ಲ?"

"ಹೆದರ್ಕಂಡೆ."

ಅವಳು ಅಣ್ಣನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ?" ಜುಂಜೇಶ್ ಹೂಂ ಎಂದ. ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ಹೋಯಿತು.

"ನಮ್ಮವ್ವ ಡಾಕ್ಟ್ರ ಕಾಲು ಹಿಡ್ಕಂಡಿದ್ಲು," ಎಂದಳು ದೀಪಾ. "ನಾನು ಮಲಗಿದ್ದ ಕಡೆಯಿಂದ ಕಾಣ್ತಿತ್ತು. ಇಲ್ಲ ಅಂದ್ರೆ ಇಲ್ಲ, ಯಾರೇನು ಮಾಡೋಕಾಗ್ತೈತೆ ಅನ್ಕಂಡಿದ್ದೆ. ಬೋರ್ನಾಗೆ ನೀರಿಲ್ಲ ಅಂದ್ರೆ ಸುಮ್ನಾಗ್ತೀವಲ್ಲ, ಹಂಗೆ. ಈಗ ನೋಡಿದ್ರೆ ಇತ್ತು ಅಂತೀರಿ." ಅವಳು ಲೋಟಗಳಿಗೆ ಕೈ ಚಾಚಿದಳು. ಹಾಲೇಶನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅವನು ಕೊಟ್ಟುಬಿಟ್ಟ. ಅವಳು ಹೋದಳು. ಪಕ್ಕದಲ್ಲಿ ಹೊಲಿಗೆ ಯಂತ್ರದ ಸದ್ದು ಬಹಳ ಹೊತ್ತು ಕೇಳಲಿಲ್ಲ.

"ಮನೆ ತುಂಬ ನಿನ್ನ ಬೈಕಂಡು ತಿರುಗಾಕೆ ನಂಗೆ ಬಾಯಿ ಬರಲಿಲ್ಲ," ಎಂದ ಜುಂಜೇಶ್ ಮೆಲ್ಲಗೆ. "ಆ ನಾಲ್ಕೂ ಜನರ ನಂಬರು ನನ್ನ ಫೋನ್ನಾಗೇ ಇದ್ವು ಕಣೋ. ನೆನಪಾಗ್ಲಿಲ್ಲ. ಮುನ್ನೂರು ಜನರ ರಕ್ತದ ಗುಂಪು ಎಲ್ಲಿ ನೆನಪಿರ್ತೈತೆ? ಪಟ್ಟಿ ಯಾರೂ ಇಲ್ಲ ಅಂತು. ನಾನೇ ಮಾಡಿದ ಪಟ್ಟಿ ಅಲ್ವಾ, ನಂಬಿದೆ."

ಆಮೇಲೆ ಇಬ್ಬರೂ ಕಾಗದವನ್ನು ನೆಲದ ಮೇಲೆ ಹರಡಿಕೊಂಡು ಕುಳಿತರು. ಬೇರೆ ಏನು ಮಾಡುವುದೆಂದು ಇಬ್ಬರಿಗೂ ತಿಳಿಯದೆ ಹೋದದ್ದೂ ಅದಕ್ಕೆ ಕಾರಣವಿದ್ದೀತು.

"ಇದನ್ನ ಹಿಂಗೇ ಸಾಗಿಸಬ್ಯಾಡ," ಎಂದ ಜುಂಜೇಶ್. "ಸುಳ್ಳು ತಾರೀಕು ತೆಗೆದಾಕು. ದಿನ ಗೊತ್ತಿಲ್ಲ ಅಂತ್ಲೇ ಪಟ್ಟಿಯಾಗೆ ಒಂದು ಖಾನೆ ಮಾಡು. ಯಾವ ತಿಂಗಳು ಎಲ್ಲಿರ್ತಾನೆ ಅನ್ನೋಕೆ ಇನ್ನೊಂದು. ಅನ್ನಪೂರ್ಣಮ್ಮಂಗೂ ಕಾಣಂಗಿರಬೇಕು. ನಮ್ಮಿಬ್ರಿಗೇ ಗೊತ್ತಿದ್ರೆ ಏನು ಬಂತು?"

"ತಿಂಗಳು ನೀನು ಹಾಕಿದ್ದೇ ಹಾಕಲಾ?"

ಜುಂಜೇಶ್ ತಲೆ ಕೆರೆದುಕೊಂಡ. "ಅದೂ ಈಗ ತಪ್ಪು. ಮಾರಿಕಣಿವೆ ಡ್ಯಾಂ ತುಂಬಿದ ಮೇಲೆ ಅರ್ಧ ಜನ ಹೋಗೋದೇ ಇಲ್ಲ, ಕಾಲುವೆ ಕೆಳಗಿನ ತೋಟಗಳಾಗೇ ನಿಲ್ತಾರೆ. ಪಟ್ಟಿಯಾಗಿರೋ ಕಾಟಲಿಂಗಪ್ಪ ಕುರಿ ಮಾರಿ ಹೋಟ್ಲು ಇಟ್ಟವ್ನೆ. ಎಲ್ಲರ್ನೂ ಕೇಳ್ಬೇಕು." ಲೆಕ್ಕ ಹಾಕಿದರು. ಆ ಸುಳ್ಳು ತಾರೀಕಿನವರು ನೂರಾ ಹನ್ನೆರಡು ಜನ. "ಅರವತ್ತು ನಾನು ಮಾಡ್ತೀನಿ, ಇಲ್ಲಿಂದ್ಲೇ. ಉಳಿದಿದ್ದು ನೀನು ಮಾಡು. ದುರ್ಗಕ್ಕೆ ಮಾತ್ರ ಬರಲ್ಲ."

"ಬ್ಯಾಡ. ಫೋನ್ ಮಾಡು ಸಾಕು."

ಮುಂದಿನ ಎರಡು ವಾರ ಹಾಲೇಶ್ ಕಾಲೇಜಿನ ಪರೀಕ್ಷಾ ಕೊಠಡಿಯಿಂದ ಹೊರಬಂದವನೇ ಕಾರಿಡಾರಿನಲ್ಲಿ ನಿಂತು ಕುರಿಗಾಹಿಗಳಿಗೆ ಫೋನು ಮಾಡಿದ. ಕೆಲವರ ನಂಬರು ಬದಲಾಗಿತ್ತು, ಇಬ್ಬರು ತೀರಿಕೊಂಡಿದ್ದರು. ಒಬ್ಬ ಮುದುಕ, "ಇಷ್ಟು ವರ್ಸಕ್ಕೆ ಯಾರಾದ್ರೂ ಕೇಳಿದ್ರಲ್ಲಪ್ಪ" ಎಂದು ತನ್ನ ಮಂಡಿನೋವಿನ ಕತೆಯನ್ನೆಲ್ಲ ಹೇಳಿದ. ದಿನಾ ಸಂಜೆ ಯಲ್ಲದಕೆರೆಯಿಂದ ಒಂದು ಸಂದೇಶ ಬರುತ್ತಿತ್ತು: ಹೆಸರು, ತಿಂಗಳು, ಊರು. ಅದರಾಚೆ ಒಂದು ಅಕ್ಷರವೂ ಇರುತ್ತಿರಲಿಲ್ಲ. ಮೊದಲು ಹೊಳಲ್ಕೆರೆಯ ವಿಚಾರಣೆಗಳನ್ನು ಮಾತ್ರ ಹೊಸದಕ್ಕೆ ತಿರುಗಿಸಿ ನಾಲ್ಕು ದಿನ ನೋಡಿದ. ಆಮೇಲೆ ಹೊಸದುರ್ಗ, ಆಮೇಲೆ ಹಿರಿಯೂರು. ಪ್ರತಿ ಸಲವೂ ಹಳೆಯದು ಹಿಂದೆಯೇ ನಿಂತು ಕಾಯುತ್ತಿತ್ತು. ತಪ್ಪಿದರೆ ತಕ್ಷಣ ಅದಕ್ಕೇ ಮರಳುವಂತೆ ದಾರಿ ಇಟ್ಟಿದ್ದ. ಮೂವತ್ತೇಳು ಹನ್ನೆರಡಾಯಿತು, ಎರಡಾಯಿತು. ಒಂದು ಮಧ್ಯಾಹ್ನ ಕಾರಣ ಗೊತ್ತಿಲ್ಲದ ವ್ಯತ್ಯಾಸ ಒಂದೂ ಉಳಿಯಲಿಲ್ಲ.

ಆ ಮಧ್ಯಾಹ್ನವೇ ಅವನು ಅನ್ನಪೂರ್ಣಮ್ಮನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು, ಆರು ವರ್ಷದ ಹಿಂದೆ ಕೆಟ್ಟದ್ದು ಸರ್ವರ್ ಅಲ್ಲವೆಂದು ಹೇಳಿದ. ಕಾರ್ಯದರ್ಶಿ ಮರುಳಸಿದ್ದಪ್ಪನವರಿಗೂ ಬರೆದು ಕೊಡುತ್ತೇನೆ, ಅವರು ಬೇಡವೆಂದರೆ ಬಿಟ್ಟು ಹೋಗುತ್ತೇನೆ ಎಂದ.

ಅನ್ನಪೂರ್ಣಮ್ಮ ಪೆನ್ನು ಕೆಳಗಿಟ್ಟರು. ಐವತ್ತೆಂಟು ವರ್ಷದ ಹೆಂಗಸು, ಯಾರ ಅಳುವಿಗೂ ದನಿ ನಡುಗಿಸದವರು. "ಆವತ್ತು ಆ ಫೋನು ಎತ್ತಿದ್ದು ನಾನು," ಎಂದರು. "ಬಿ ನೆಗೆಟಿವ್ ಅಂದ್ರು. ಗಾಬ್ರೀಲಿ ಬೇರೆ ಏನೋ ಒತ್ತಿದ್ನೇನೋ ಅಂತ ಇವತ್ತಿನ ತನಕ ನನ್ನ ಹೊಟ್ಟೇಲಿ ಇತ್ತಪ್ಪ. ಅದಕ್ಕೇ ನಾನು ಯಾವುದನ್ನೂ ಎರಡೆರಡು ಸಾರಿ ಒತ್ತಿ ನೋಡೋದು. ಮುದುಕಿಗೆ ಕೈ ನಿಧಾನ ಅಂತ ನೀವೆಲ್ಲ ನಗ್ತಿದ್ರಿ."

ಅವರು ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸಿದರು. "ಬರ್ದು ಕೊಡು. ಕೊಡಬ್ಯಾಡ ಅನ್ನಲ್ಲ. ಕೆಲಸ ಮುಗಿಸಿ ಕೊಡು."

ಇಪ್ಪತ್ತೊಂಬತ್ತನೇ ತಾರೀಕು ಬೆಳಗ್ಗೆ ಹತ್ತು ಗಂಟೆಗೆ ಚಿತ್ರದುರ್ಗವನ್ನೂ ಹೊಸದಕ್ಕೆ ತಿರುಗಿಸಿದ. ಹಳೆಯದು ಬರಿದಾಗಿ ನಿಂತಿತು. ಹನ್ನೊಂದರ ಹೊತ್ತಿಗೆ ಹೊಳಲ್ಕೆರೆಯಿಂದ ಎ ಪಾಸಿಟಿವ್ ಕೇಳಿದರು, ಆರು ಹೆಸರು ಬಂದವು. ಮಧ್ಯಾಹ್ನ ಎರಡು ಫೋನು ಬಂದವು. ಹಾಲೇಶ್ ಊಟಕ್ಕೂ ಏಳದೆ ಎರಡರ ಉತ್ತರವನ್ನೂ ನೋಡುತ್ತ ಕುಳಿತಿದ್ದ. ನಾಲ್ಕು ಗಂಟೆಗೆ ಮತ್ತೆ ಫೋನು ಬಂತು. ಅನ್ನಪೂರ್ಣಮ್ಮ, "ಹಾಲೇಶ್ ಇಲ್ಲೇ ಅವ್ರೆ, ಕೊಡ್ಲಾ?" ಎಂದರು. ಆಚೆಯಿಂದ ಏನೋ ಹೇಳಿದರು. "ಆಯ್ತು, ಕೊಡಲ್ಲ. ನಾನೇ ಬರ್ಕಂತೀನಿ, ಹೇಳ್ರಿ."

ಅವರು ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಿದ್ದರು. "ದೀಪಾ. ಯಲ್ಲದಕೆರೆ, ಹಿರಿಯೂರು ತಾಲ್ಲೂಕು. ಬಿ ನೆಗೆಟಿವ್. ಹಿಂದೆ ಯಾವತ್ತು ಕೊಟ್ಟಿದ್ರಿ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಕೊಟ್ಟಿಲ್ಲ, ತಗಂಡಿದ್ದೇ ಹೊರತು... ಹೂಂ ಕಣಮ್ಮ, ಅದಕ್ಕೂ ಇಲ್ಲಿ ಜಾಗ ಐತೆ."

ಹಾಲೇಶ್ ತಿರುಗಿ ನೋಡಲಿಲ್ಲ. ಅವನ ಪರದೆಯಲ್ಲೂ ಹೊಸ ಹೆಸರು ಬಂದು ಸಾಲಿನಲ್ಲಿ ಕೂತಿತು.

ಮರುಳಸಿದ್ದಪ್ಪನವರಿಗೆ ಬರೆದ ಕಾಗದವನ್ನು ಅನ್ನಪೂರ್ಣಮ್ಮನ ಕೈಗೆ ಕೊಟ್ಟು ಹೊರಟವನಿಗೆ ನಾಲ್ಕೂವರೆಯ ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದುರ್ಗ ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತು. ಯಾರೋ ಹೆಗಲು ಅಲ್ಲಾಡಿಸಿದಾಗ ಕಣ್ಣುಬಿಟ್ಟ. "ಭರಮಸಾಗರ ಹೋಯ್ತಲ್ಲ ಸಾರ್," ಎಂದ ಕಂಡಕ್ಟರು. "ಎಷ್ಟು ಕೂಗಿದೆ! ಇಳೀರಿ, ಇಳೀರಿ."

ರಸ್ತೆ ಬದಿಯಲ್ಲಿ ಅವನನ್ನು ಇಳಿಸಿ ಬಸ್ಸು ಹೋಯಿತು. ಊರು ಹಿಂದೆ ಎರಡು ಮೈಲಿ ಉಳಿದಿತ್ತು. ಹೊಲಗಳಲ್ಲಿ ಮೆಕ್ಕೆಜೋಳ ಕಟಾವಾಗಿ ಬರೀ ಕೂಳೆ ನಿಂತಿತ್ತು, ದೂರದಲ್ಲಿ ಕೆರೆಯ ನೀರು ಇಳಿಬಿಸಿಲಿಗೆ ಒಂದು ಪಟ್ಟಿಯಷ್ಟು ಹೊಳೆಯುತ್ತಿತ್ತು. ಊರ ಕಡೆ ಹೋಗುವ ಆಟೋದವನೊಬ್ಬ ನಿಧಾನ ಮಾಡಿ, "ಬರ್ತೀರಾ ಸಾರ್?" ಎಂದು ಕೇಳಿದ. ಹಾಲೇಶ್ ಬೇಡವೆಂದು ಕೈಯಾಡಿಸಿದ. ಚೀಲವನ್ನು ಬಲಹೆಗಲಿನಿಂದ ಎಡಹೆಗಲಿಗೆ ಹಾಕಿಕೊಂಡು, ರಸ್ತೆಯ ಅಂಚು ಹಿಡಿದು ನಡೆಯತೊಡಗಿದ.